ರೀಲಿನ ಅಣ್ಣ

ಚಿನ್ನದ ಗಣಿಯೂರು ಚಾಂಪಿಯನ್ ರೀಫ್ಸ್‌ನ ಟೆಂಟ್ ಸಿನಿಮಾದಲ್ಲಿ ಕದಿರಪ್ಪನಷ್ಟು ಬೈಸಿಕೊಂಡವರೂ ಇಲ್ಲ, ಬೈದವರೂ ಇಲ್ಲ. ರೀಲು ಹರಿದರೆ ಜನ ಅವನನ್ನು ಬೈಯುತ್ತಿದ್ದರು. ಬೀಡಿ ಹಚ್ಚಿಕೊಂಡು ಮೆಷಿನ್ನಿನ ಹತ್ತಿರ ಸುಳಿದವರನ್ನು ಅವನು ಬೈಯುತ್ತಿದ್ದ. ಟಾಕಿ ಬಂದ ಹೊಸತರ ಆ ಫಿಲ್ಮಿಗೆ ಒಂದು ಕಿಡಿ ತಾಗಿದರೆ ಸಾಕು, ಭಗ್ಗನೆ ಹತ್ತಿಕೊಳ್ಳುತ್ತಿತ್ತು. ನೀರು ಸುರಿದರೂ ಆರುತ್ತಿರಲಿಲ್ಲ. ರೀಲಿನ ಹಾಳಾದ ತುದಿ ಕತ್ತರಿಸಿ, ಅಂಟು ಹಚ್ಚಿ ಮತ್ತೆ ಜೋಡಿಸುವುದು ಕದಿರಪ್ಪನ ಕೆಲಸ. ಕತ್ತರಿಸಿದ ಚೂರುಗಳನ್ನು ಎಸೆಯಲು ಮನಸ್ಸು ಬಾರದೆ, ಅದೇ ಅಂಟಿನಲ್ಲಿ ಕುದುರೆ, ನವಿಲು, ಎತ್ತು ಅಂತ ಏನೇನೋ ಮಾಡುತ್ತಿದ್ದ. ನಗುವವರು ನಕ್ಕರು, ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅವನ ಅಣ್ಣ ಬಚ್ಚಪ್ಪ ಗಣಿಯೊಳಗೆ ಬಂಡೆ ಸಿಡಿದು ಸತ್ತು ಮೂರು ವರ್ಷವಾಗಿತ್ತು. ಹೆಣ ಸಿಗಲಿಲ್ಲ. ಕಾಮಸಮುದ್ರದಲ್ಲಿದ್ದ ತಾಯಿ ಅಕ್ಕಯ್ಯಮ್ಮನ ಪಾಲಿಗೆ ಮಗ ಸತ್ತ ಹಾಗೂ ಇರಲಿಲ್ಲ, ಬದುಕಿದ ಹಾಗೂ ಇರಲಿಲ್ಲ. ಸುಡಲು ಹೆಣವಿಲ್ಲ, ನೋಡಲು ಫೋಟೋ ಇಲ್ಲ. ಮಹಾಲಯ ಅಮಾವಾಸ್ಯೆಗೆ ಬಾಳೆಲೆಯಲ್ಲಿ ಎಡೆ ಇಟ್ಟು ಬರೀ ಗೋಡೆ ನೋಡುತ್ತ ಕೂರುತ್ತಿದ್ದಳು.

"ಅವನ್ ಮೊಕಾನೇ ಮರ್ತೋಗ್ತಾ ಐತೆ ಕಣ್ಲಾ," ಎಂದಳು ಒಮ್ಮೆ.

ಕದಿರಪ್ಪನಿಗೆ ಅದು ಮುಳ್ಳಿನ ಹಾಗೆ ಚುಚ್ಚಿತು. ಹತ್ತು ತಿಂಗಳು ಚೂರು ಕೂಡಿಸಿ ಅಣ್ಣನ ತಲೆಯೊಂದನ್ನು ಮಾಡಿದ. ಬಿಸಿನೀರಲ್ಲಿ ಉಜ್ಜಿ ಚಿತ್ರ ಅಳಿಸಿದ ಫಿಲ್ಮಿನಿಂದ ಕೆನ್ನೆ, ಕಪ್ಪಗೆ ಉಳಿಸಿಕೊಂಡ ಫಿಲ್ಮಿನಿಂದ ಹುಬ್ಬು, ಮೀಸೆ. ಅಣ್ಣನ ಸೊಟ್ಟ ಮೂಗನ್ನೂ ಬಿಡಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಆ ತಲೆಯನ್ನು ಪಂಚೆಯಲ್ಲಿ ಸುತ್ತಿ ತಂದು ಗೋಡೆಗೆ ಒರಗಿಸಿಟ್ಟ. ಅಕ್ಕಯ್ಯಮ್ಮ ಸೊಟ್ಟ ಮೂಗನ್ನು ಮುಟ್ಟಿ, "ಬಂದ್ಯಾ ಮಗಾ," ಎಂದಳು. ಹೇಳಲೇಬೇಕಾದ ಒಂದು ಮಾತು ಕದಿರಪ್ಪನಲ್ಲೇ ಉಳಿಯಿತು. ಆಮೇಲೆ ಹೇಳಿದರಾಯಿತು ಎಂದು ಸ್ನಾನಕ್ಕೆ ಬಾವಿಯ ಕಡೆ ಹೋದ. ಊರಿಗೆಲ್ಲ ಬೀಡಿ ಆರಿಸು ಎಂದು ಬೊಬ್ಬೆ ಹೊಡೆಯುತ್ತಿದ್ದ ಪುಣ್ಯಾತ್ಮ ಮನೆಯಲ್ಲಿ ಬಾಯಿ ಬಿಡಲಿಲ್ಲ.

ಎಡೆ ಇಟ್ಟ ಮೇಲೆ ಕರ್ಪೂರ ಬೆಳಗದವರುಂಟೆ? ದೊಡ್ಡಮಗ ಹಸಿದಿದ್ದಾನೆಂದು ಅಕ್ಕಯ್ಯಮ್ಮ ಯಾರಿಗೂ ಕಾಯಲಿಲ್ಲ. ಮುಖ ಚೆನ್ನಾಗಿ ಕಾಣಲೆಂದು ತಟ್ಟೆಯನ್ನು ಹತ್ತಿರಕ್ಕೇ ಹಿಡಿದಳು.

ಭಗ್ಗೆಂದ ಸದ್ದಿಗೆ ಕದಿರಪ್ಪ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಗೋಡೆ ಕಪ್ಪಾಗಿತ್ತು, ಬಾಳೆಲೆ ಮುರುಟಿತ್ತು, ತಾಯಿಯ ಮುಂಗೈ ಸುಟ್ಟು ಕೆಂಪಾಗಿತ್ತು. ಅವನು ಹಣೆ ಚಚ್ಚಿಕೊಂಡ.

"ತಪ್ಪು ನಂದೇ ಕಣಮ್ಮಾ. ಅದ್ಕೆ ಬೆಂಕಿ ತೋರ್ಸ್‌ಬಾರ್ದು ಅಂತ ನಾನೇ ಯೋಳ್ಲಿಲ್ಲ."

ಅಕ್ಕಯ್ಯಮ್ಮ ಅಲ್ಲಿ ಉಳಿದಿದ್ದ ಚಿಟಿಕೆ ಬೂದಿಯನ್ನು ಎರಡು ಬೆರಳಲ್ಲಿ ಬಳಿದು ಕುಡಿಕೆಗೆ ಹಾಕಿದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ. ಮೂರು ವರ್ಷದಿಂದ ಕಾಣದ ಒಂದು ನೆಮ್ಮದಿ ಇತ್ತು.

"ಗಣಿಯೋರು ಹೆಣ ಕೊಡ್ನಿಲ್ಲ. ಇವತ್ತು ನನ್ ಮಗನ್ನ ಸುಟ್ಟಂಗಾಯ್ತು. ಓಗ್ಲಾ, ನೀರಿಗ್ ಬಿಟ್ಟು ಬಾ."

ಕದಿರಪ್ಪ ಕುಡಿಕೆ ಹಿಡಿದು ಕೆರೆಗೆ ಹೋದ. ಬೂದಿ ಬಿಟ್ಟು, ಮೂರು ವರ್ಷ ತಡವಾಗಿ ತಲೆ ಬೋಳಿಸಿಕೊಂಡು, ಮುಳುಗಿ ಎದ್ದು ಮನೆಗೆ ಬಂದ.