ಅಕ್ಕನ ಬಚ್ಚಲಿಗೆ ಸಿಕ್ಕ ಜಾಗ

ಸೂಲಿಬೆಲೆ ಕಡೆಯ ನಮ್ಮ ಊರಿನಲ್ಲಿ ಕೆರೆ ಮನೆಯ ಬೆನ್ನಿಗೇ ಇದೆ. ಹಿತ್ತಿಲ ಬಾಗಿಲು ತೆಗೆದರೆ ಜೊಂಡು, ನೀರುಕೋಳಿ, ಸಂಜೆಯ ಒದ್ದೆ ಮಣ್ಣಿನ ವಾಸನೆ. ಮದುವೆಯಾಗಿ ಬಂದ ಹೊಸದರಲ್ಲಿ ಇದನ್ನು "ಲೇಕ್ ವ್ಯೂ" ಎಂದು ಕಾನ್ವೆಂಟ್ ಗೆಳತಿಯರಿಗೆ ಬರೆದು ಜಂಬ ಕೊಚ್ಚಿಕೊಂಡಿದ್ದೆ. ಬಚ್ಚಲು, ಟಾಯ್ಲೆಟ್ಟು ಎರಡೂ ಆ ವ್ಯೂನ ದಾರಿಯಲ್ಲೇ, ಹಿತ್ತಿಲ ಕೊನೆಯ ಮೆಟ್ಟಿಲಿಳಿದು ಹೋಗಬೇಕಾದ ಕಡೆ ಇದ್ದವೆಂದು ಮಾತ್ರ ಬರೆದಿರಲಿಲ್ಲ.

ಹೋದ ವರ್ಷ ಅದೇ ಮೆಟ್ಟಿಲ ಮೇಲೆ ನನ್ನ ಓರಗಿತ್ತಿ ಜಾರಿ ಸೊಂಟ ಮುರಿದುಕೊಂಡರು. ಯಜಮಾನರ ಅಣ್ಣನ ಹೆಂಡತಿ. ನಾನು ಅಕ್ಕ ಎನ್ನುತ್ತೇನೆ, ಅವರು ನನ್ನನ್ನು ಕಾನ್ವೆಂಟು ಎನ್ನುತ್ತಾರೆ. ಆಪರೇಷನ್ ಆಗಿ ವಾಕರ್ ಹಿಡಿದು ನಡೆದರೂ ಮೆಟ್ಟಿಲಿಳಿಯುವಂತಿರಲಿಲ್ಲ. ಮಂಚದ ಪಕ್ಕ ಕಮೋಡ್ ಚೇರ್ ಇಟ್ಟೆವು. ಅದನ್ನು ಸೊಸೆ ತೊಳೆಯಬೇಕಲ್ಲ ಎಂಬ ಸಂಕೋಚಕ್ಕೆ ಅಕ್ಕ ಮಧ್ಯಾಹ್ನದ ಮೇಲೆ ನೀರೇ ಮುಟ್ಟುತ್ತಿರಲಿಲ್ಲ. ಕಾಫಿ ಎಂದರೆ ಪ್ರಾಣ ಅವರಿಗೆ. "ಬ್ಯಾಡ ಕಣೆ, ಎದೆ ಉರಿ" ಎಂದು ಲೋಟ ತಳ್ಳುವರು. ತುಟಿ ಒಣಗಿ ಬಿರಿದಿರುತ್ತಿತ್ತು.

ಅವರ ಮಗ ಹಿತ್ತಿಲ ಗೋಡೆಗೆ ಹೊಂದಿಸಿ ಬಾತ್‌ರೂಮ್ ಕಟ್ಟಿಸಲೆಂದು ಇಟ್ಟಿಗೆ ಇಳಿಸಿದ. ಮಾರನೆಯ ದಿನವೇ ಪಂಚಾಯ್ತಿಯ ಅಧಿಕಾರಿ ಸ್ಕೂಟರಿನಲ್ಲಿ ಬಂದರು, ಚಿಕ್ಕ ವಯಸ್ಸಿನ ಹೆಣ್ಣುಮಗಳು.

"ಅಣ್ಣಾ, ಇದು ಕೆರೆ ಬಫರ್. ಇಲ್ಲಿ ಹೊಸದಾಗಿ ಏನೂ ಕಟ್ಟೋಂಗಿಲ್ಲ. ಪರ್ಮಿಷನ್ ಕೊಡಕ್ಕಾಗಲ್ಲ."

"ಅಲ್ಲ ಮೇಡಂ, ಆ ಕಡೆ ಲೇಔಟ್‌ನೋರು ಕಾಂಪೌಂಡೇ ಎಬ್ಬಿಸವ್ರೆ. ನಮ್ಮವ್ವನ ಬಚ್ಚಲು ನಿಮ್ ಕೆರೆ ನುಂಗ್ಬಿಡ್ತದಾ?"

"ಅವ್ರಿಗೂ ನೋಟಿಸ್ ಕೊಟ್ಟಿದೀನಿ, ಬೈಗುಳಾನೂ ತಿಂದಿದೀನಿ. ನೀವೂ ಬೈದ್ಬಿಡಿ."

ಅವನು ಬೈಯಲಿಲ್ಲ. ನಾನು ನಡುವೆ ಬಾಯಿ ಹಾಕಿದೆ. "ಎಕ್ಸೆಂಪ್ಶನ್ ಇಲ್ವೇನಮ್ಮಾ, ಆನ್ ಮೆಡಿಕಲ್ ಗ್ರೌಂಡ್ಸ್?"

"ಇದ್ದಿದ್ರೆ ನಾನೇ ಹುಡುಕಿ ತರ್ತಿದ್ದೆ ಆಂಟಿ" ಎಂದಳು. ಮುಖ ನೋಡಿದರೆ ಸುಳ್ಳು ಅನ್ನಿಸಲಿಲ್ಲ. ಹೊರಟವಳು ಬಾಗಿಲಲ್ಲಿ ನಿಂತು ಒಳಗಿನ ಮಂಚದತ್ತ ನೋಡಿದಳು. "ಹಳೇ ಗೋಡೆ ಒಳಗೆ ಬೇಕಾದ್ರೆ ಮಾಡ್ಕೊಳ್ಳಿ, ಅದು ರಿಪೇರಿ ಅಂತ ಆಗತ್ತೆ. ಆದ್ರೆ ಟಾಯ್ಲೆಟ್ ಗುಂಡಿ ಮಾತ್ರ ಕೆರೆ ಕಡೆ ತೋಡ್ಬೇಡಿ. ರಸ್ತೆ ಕಡೆ ತೋಡ್ಸಿ."

ಅವಳು ಹೋದ ಮೇಲೆ ಕಟ್ಟಲು ಬಂದಿದ್ದ ಮೇಸ್ತ್ರಿಯನ್ನು ಕರೆದುಕೊಂಡು ಮನೆಯೊಳಗೆ ಜಾಗ ಹುಡುಕಿದೆವು. ರಸ್ತೆ ಕಡೆಗೆ ಗೋಡೆ ಇರುವ ಕೋಣೆ ನಮ್ಮ ಮನೆಯಲ್ಲಿ ಒಂದೇ, ದೇವರ ಮನೆ. ಮೇಸ್ತ್ರಿ ಆ ಬಾಗಿಲನ್ನು ಒಮ್ಮೆ ನೋಡಿ ನೆಲ ನೋಡಿದ. ಸ್ನಾನ ಮಾಡದೆ ಅದರ ಹೊಸ್ತಿಲು ತುಳಿದಿದ್ದಕ್ಕೆ ಹೊಸ ಮದುವಣಗಿತ್ತಿಯಾಗಿದ್ದ ನನ್ನನ್ನು ಅಕ್ಕ ಮೂರು ದಿನ ಮಾತಾಡಿಸಿರಲಿಲ್ಲ. ಕಾನ್ವೆಂಟಿನ ಚಾಪೆಲ್‌ನಲ್ಲೂ ನನಗೆ ಅಷ್ಟು ಭಯವಾಗಿರಲಿಲ್ಲ.

"ಇದನ್ನ ಅವ್ವನ ಕಿವಿಗೆ ಹಾಕ್ಬ್ಯಾಡಿ" ಎಂದು ಮಗ ಪಿಸುಗುಟ್ಟಿದ.

"ಸೊಂಟ ಮುರಿದೈತೆ, ಕಿವಿ ಮುರಿದಿಲ್ಲ ಕಣೋ" ಎಂದರು ಅಕ್ಕ, ಮಂಚದಿಂದಲೇ. "ದೇವ್ರನ್ನ ಅಡುಗೆಮನೆ ಗೂಡಿಗೆ ತಗಂಡೋಗಿ. ಅಲ್ಲಿ ಬೆಚ್ಚಗಿರ್ತಾನೆ."

"ಅವ್ವಾ, ಜನ ಏನಂತಾರೆ?"

"ಜನ ಬಂದು ನನ್ ಚೇರ್ ತೊಳೀತಾರಾ?"

ಪಟಗಳನ್ನು ತಾವೇ ಇಳಿಸಿಕೊಡುವುದಾಗಿ ಅಕ್ಕ ಹಟ ಹಿಡಿದರು. ವಾಕರ್ ಬಿಟ್ಟು ಗೋಡೆಗೆ ಒರಗಿ ನಿಂತು ಒಂದೊಂದನ್ನೂ ಸೆರಗಿನಿಂದ ಒರೆಸಿ ನನ್ನ ಕೈಗಿತ್ತರು. ಕೊನೆಯದನ್ನು ಎರಡು ಸಲ ಒರೆಸಿದರು. ನಾನು ನೋಡಲಿಲ್ಲ ಎಂಬಂತೆ ಇದ್ದೆ. ಹಿತ್ತಿಲ ಇಟ್ಟಿಗೆಯೆಲ್ಲ ಒಳಗೋಡೆಗೆ ಹೋಯಿತು. ಇಟ್ಟಿಗೆ ಪೇರಿಸಿದ್ದಲ್ಲಿ ಈಗ ಮತ್ತೆ ಗರಿಕೆ. ನೀರುಕೋಳಿಗಳು ಅಲ್ಲಿಯವರೆಗೂ ಬಂದು ಹೋಗುತ್ತವೆ, ತಮ್ಮದೇ ಜಾಗ ಎಂಬಂತೆ. ತಮ್ಮದೇ ಅಲ್ಲವೇ, ಐ ಸಪೋಸ್.

ಕೆಲಸ ಮುಗಿದ ದಿನ ಸಂಜೆ ಅಕ್ಕ ಕಾಫಿ ಕೇಳಿದರು. ಕುಡಿದರು. ಲೋಟ ಮುಂದೆ ಹಿಡಿದು ಇನ್ನರ್ಧ ಕೇಳಿದರು.

ನನಗೇ ಇನ್ನೂ ಅಭ್ಯಾಸ ತಪ್ಪಿಲ್ಲ. ಮೊನ್ನೆ ಶುಕ್ರವಾರ ಹೂವಿನ ಬುಟ್ಟಿ ಹಿಡಿದು ಸೀದಾ ಹಳೇ ದೇವರ ಮನೆಯ ಬಾಗಿಲ ಮುಂದೆ ನಿಂತು ಕಣ್ಣು ಮುಚ್ಚಿ ಕೈ ಮುಗಿದೆ. ಒಳಗೆ ನೀರಿನ ಸದ್ದು ನಿಂತಿತು.

"ಯಾರೇ ಅದು, ಕಾನ್ವೆಂಟಾ?"

"ಹೂಂ ಅಕ್ಕ. ಸಾರಿ, ಮರೆತು ಬಂದೆ."

"ಬಂದಿದ್ದು ಬಂದೆ, ಅಲ್ಲೇ ಇರು. ಟವಲ್ ಮರೆತು ಬಂದಿದೀನಿ, ತಂದ್ಕೊಡು."