ನಂಜುಂಡಾಚಾರ್ರೂ ಹೊಸ್ತಿಲಿನ ಗೆರೆಯೂ

ಮಿಷನ್ನಿನ ಸ್ವಿಚ್ಚು ಒತ್ತುವ ಮೊದಲು ನಂಜುಂಡಾಚಾರ್ರು ಸುತ್ತ ನಿಂತವರನ್ನೆಲ್ಲ ಒಮ್ಮೆ ದುರುಗುಟ್ಟಿ ನೋಡಿ, "ಕೈ ತೋರ್ಸಿ" ಎನ್ನುತ್ತಿದ್ದರು. ಮನೆಯ ಯಜಮಾನರಿರಲಿ, ಕಾಫಿ ತಂದವರಿರಲಿ, ಉಗುರು ನೋಡುವ ಮೇಷ್ಟ್ರಿಗೆ ತೋರಿಸಿದ ಹಾಗೆ ಎರಡೂ ಕೈ ಎತ್ತಬೇಕು. ಅವರ ತಮ್ಮ ಹಿಂದೊಮ್ಮೆ ಓಡುತ್ತಿದ್ದ ಮಿಷನ್ನಿನ ಬಾಯಿಂದ ಮರದ ಪುಡಿ ತೆಗೆಯಲು ಹೋಗಿ ಬೆರಳು ಕಳೆದುಕೊಂಡಿದ್ದರಂತೆ. ಅದು ಗೊತ್ತಿಲ್ಲದೆ ನಾನು ಮೊದಲ ಸಲ ನಕ್ಕುಬಿಟ್ಟೆ. "ನಗ್ರವ್ವ, ನಗ್ರಿ. ಬೆರಳು ಇರೋಗಂಟ ನಗ್ಬೋದು" ಎಂದರು.

ತಿಪಟೂರಿನಿಂದ ಹೊನ್ನವಳ್ಳಿಯ ನಮ್ಮ ಮನೆಗೆ ಮೊಪೆಡ್ಡಿನಲ್ಲಿ ಬರುತ್ತಿದ್ದ ಬಡಗಿ ಅವರು. ಮೂಗಿನ ತುದಿಯಲ್ಲೇ ಕೋಪ. ಉಳಿ ಹಿಡಿದು ಹೆಸರು ಮಾಡಿದವರು ವಯಸ್ಸಾದ ಮೇಲೆ ಮರದಲ್ಲಿ ಗುಳಿ ಕೊರೆಯುವ ರೂಟರ್ ಮಿಷನ್ ಕೊಂಡಾಗ ಎಲ್ಲರಿಗೂ ಆಶ್ಚರ್ಯ. ಆದರೆ ಅವರ ಅಕ್ಕರೆಯೆಲ್ಲ ಮಿಷನ್ನಿಗಿಂತ ಅದಕ್ಕಾಗಿ ಮಾಡಿಕೊಂಡಿದ್ದ ಅಚ್ಚಿನ ಮೇಲೆ. ಒಂದು ಪ್ಲೈವುಡ್ ಹಲಗೆ, ನಡುವೆ ಕಿಟಕಿಯಂತೆ ಕತ್ತರಿಸಿದ ಜಾಗ, ಅಂಚಿಗೊಂದು ಪಟ್ಟಿ. ಪಟ್ಟಿಯನ್ನು ಮರಕ್ಕೆ ಒತ್ತಿ ಕ್ಲಾಂಪ್ ಬಿಗಿದರೆ ಮಿಷನ್ ಆ ಕಿಟಕಿ ಬಿಟ್ಟು ಆಚೀಚೆ ಹೋಗುವ ಹಾಗಿಲ್ಲ. "ಮಿಷನ್ ಕುದ್ರೆ, ಅಚ್ಚು ಲಗಾಮು ಕಣಮ್ಮ" ಎನ್ನುತ್ತಿದ್ದರು.

ನಮ್ಮ ಹೊಸ ಮನೆಗೆ ಬಾಗಿಲು ನಿಲ್ಲಿಸುವ ಶಾಸ್ತ್ರದ ಹಿಂದಿನ ದಿನ ನಡೆದದ್ದು ಇದು. ಮಾವನವರು ನೆಟ್ಟಿದ್ದ ಹಲಸಿನ ಮರ ಗಾಳಿಗೆ ಬಿದ್ದು, ಅದರಲ್ಲಿ ಹುಳು ಮುಟ್ಟದ ತುಂಡು ಒಂದೇ ಸಿಕ್ಕಿತ್ತು. ಹೊಸ್ತಿಲು ಅದರದ್ದೇ ಆಗಬೇಕೆಂದು ಅತ್ತೆಯ ಹಟ. ಅದರ ಎರಡೂ ತುದಿಯಲ್ಲಿ ಬಾಗಿಲಿನ ಕಂಬ ಕೂರುವ ಗುಳಿ ಹೊಡೆಯಬೇಕು. ಗುಳಿ ತಪ್ಪಿದರೆ ಮರ ಹೋಯಿತು, ಬೇರೆ ಇಲ್ಲ.

ಆಚಾರ್ರು ತಿಪಟೂರಿನಲ್ಲೇ ತಮ್ಮನಿಂದ ಪೆನ್ಸಿಲ್ ಗೆರೆ ಹಾಕಿಸಿ ತಂದಿದ್ದರು. ಅವರು ಹಿತ್ತಲಲ್ಲಿ ಕಾಫಿ ಕುಡಿಯುತ್ತಿದ್ದಾಗ ಅತ್ತೆ, ಬೋಳು ಹೊಸ್ತಿಲು ಮನೆ ಮುಂದೆ ಇರಬಾರದೆಂದು ಅದನ್ನು ತೊಳೆದು, ಉಜ್ಜಿ, ಗಟ್ಟಿಯಾಗಿ ಅರಿಶಿನ ಬಳಿದಿದ್ದರು. ಗೆರೆಗಳ ಸುಳಿವೇ ಇಲ್ಲ.

ಆಚಾರ್ರು ಊರು ಕೇಳುವ ಹಾಗೆ ಕೂಗಾಡುತ್ತಾರೆಂದು ನಾನು ಕಾದೆ. "ಅಮ್ಮಾರು ಶಾಸ್ತ್ರ ಮಾಡವ್ರೆ, ತಪ್ಪೇನಿಲ್ಲ ಬುಡಿ" ಎಂದರು. ನನಗೆ ನಿಜಕ್ಕೂ ಭಯವಾದದ್ದು ಆಗ. ಮರ ಒರೆಸಿ, ಬಿಸಿಲಿಗೆ ಒಣಗಿಸಿ, ಪೆನ್ಸಿಲ್ ಹಿಡಿದು ಬಗ್ಗಿದರು. ಪೆನ್ಸಿಲ್ಲಿನ ತುದಿ ಮರದ ಮೇಲೆ ಟಕಟಕ ಎಂದಿತು. ಎಡಗೈಯಲ್ಲಿ ಬಲಗೈ ಅದುಮಿ ಹಿಡಿದರು. ಆಗಲೂ ನಡುಕ ನಿಲ್ಲಲಿಲ್ಲ.

"ನೀವು ಬ್ಲೌಸ್ ಹೊಲಿಯೋರಲ್ವಾ? ಗೆರೆ ನೀವೇ ಎಳೀರಿ."

"ನಾನಾ? ತಪ್ಪಿದ್ರೆ ಅತ್ತೆ ನನ್ನ ಒಳಗೇ ಸೇರ್ಸಲ್ಲ!"

"ತಪ್ಪಿದ್ರೆ ನನ್ನ ಯಾರೂ ಸೇರ್ಸಲ್ಲ." ದನಿ ತಗ್ಗಿಸಿದರು. "ಕೈ ಹಿಂಗಾಗೈತೆ ಅಂತ ಯಾರ್ಗೂ ಹೇಳ್ಬೇಡಿ ಕಣವ್ವ. ಬಡಗಿ ಕೈ ನಡುಗ್ತದೆ ಅಂತ ಗೊತ್ತಾದ್ರೆ ಕತೆ ಮುಗೀತು."

ಉಳಿ ಬಿಟ್ಟು ಮಿಷನ್ ಹಿಡಿದದ್ದು, ಅಚ್ಚನ್ನು ಮಗುವಿನ ಹಾಗೆ ಬಟ್ಟೆಯಲ್ಲಿ ಸುತ್ತಿಕೊಂಡು ಬರುತ್ತಿದ್ದದ್ದು ಯಾಕೆಂದು ಆಗ ಅರ್ಥವಾಯಿತು. ಅವರು ಅಳತೆ ಹೇಳಿ, ಗೆರೆ ನೇರ ಬರಲು ಮೂಲೆಮಟ್ಟವನ್ನು ಎರಡೂ ಅಂಗೈಯಿಂದ ಅದುಮಿ ಹಿಡಿದರು, ನಾನು ಉಸಿರು ಕಟ್ಟಿ ಎಳೆದೆ.

"ಮೊದ್ಲು ತುಂಡಿಗೆ, ಆಮೇಲೆ ಹೊಸ್ತಿಲಿಗೆ" ಎಂದು ಒಂದು ಚೂರು ಮರಕ್ಕೆ ಅಚ್ಚು ಕಟ್ಟಿ ಗುಳಿ ಹೊಡೆದರು. ಕಂಬ ಕೂರಿಸಿದರೆ ಕೂದಲೆಳೆಯಷ್ಟು ಆಚೆಗೆ ನಿಂತಿತು. ಜೇಬಿನಿಂದ ಯಾರದೋ ಲಗ್ನಪತ್ರಿಕೆ ತೆಗೆದು, ಪಟ್ಟಿಯಾಗಿ ಹರಿದು, ಅಚ್ಚಿಗೂ ಮರಕ್ಕೂ ನಡುವೆ ಸಿಕ್ಕಿಸಿ, ಇನ್ನೊಂದು ಚೂರಿಗೆ ಹೊಡೆದರು. ಈ ಸಲ ಕಂಬ ಸರಿಯಾಗಿ ಕೂತಿತು.

ಅಚ್ಚನ್ನು ಹೊಸ್ತಿಲಿಗೆ ಬಿಗಿದರು. "ಕೈ ತೋರ್ಸಿ." ತೋರಿಸಿದೆ. "ನಿಮ್ದೂ ತೋರ್ಸಿ ಆಚಾರ್ರೇ" ಎಂದುಬಿಟ್ಟೆ. ಅವರು ಎತ್ತಿದರು. ಎರಡೂ ನಡುಗುತ್ತಿದ್ದವು. ಅದೇ ಕೈಯಲ್ಲಿ ಮಿಷನ್ ಹಿಡಿದು ಸ್ವಿಚ್ಚು ಒತ್ತಿದರು.

ನಾನು ಮರ ನೋಡಲಿಲ್ಲ, ಅವರ ಕೈಯನ್ನೇ ನೋಡುತ್ತಿದ್ದೆ. ಅರ್ಧಕ್ಕೆ ಬಂದಾಗ ತೋಟಗಳ ಮೋಟಾರುಗಳು ಶುರುವಾದವೇನೋ, ಮಿಷನ್ನಿನ ದನಿ ಕುಗ್ಗಿತು. ತಟ್ಟನೆ ಆರಿಸಿ, ಕಣ್ಣು ಮುಚ್ಚಿ ಕಾದರು. ಕರೆಂಟು ಸರಿಯಾದ ಮೇಲೆ ಮತ್ತೆ ಹಚ್ಚಿದರು. ಒಂದು ತುದಿ, ಆಮೇಲೆ ಇನ್ನೊಂದು. ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದಾಗ ಎರಡೂ ಕಂಬಗಳು ಗುಳಿಯೊಳಗೆ ಬಿಗಿಯಾಗಿ ಇಳಿದವು. ಆಚಾರ್ರು ಅಲ್ಲೇ ಮರಳ ಗುಡ್ಡೆಯ ಮೇಲೆ ಕೂತುಬಿಟ್ಟರು.

ಮರುದಿನ ಶಾಸ್ತ್ರಕ್ಕೆ ಬಂದವರ ಮುಂದೆ ಅತ್ತೆ, "ನಮ್ಮಾಚಾರ್ರ ಕೈ ಅಂದ್ರೆ ಕೈ ಕಣ್ರೀ!" ಎಂದು ಹೊಗಳಿದ್ದೇ ಹೊಗಳಿದ್ದು. ಆಚಾರ್ರು ನೆಲ ನೋಡುತ್ತಿದ್ದರು, ನಾನು ಆಕಾಶ.

ಆಚಾರ್ರು ಕೊನೆಯ ಸಲ ಬಂದಾಗ ಮೊಪೆಡ್ ಇರಲಿಲ್ಲ. ಯಾರೋ ಆಟೋದಲ್ಲಿ ಬಿಟ್ಟು ಹೋಗಿದ್ದರು. ಕಾಫಿಯನ್ನು ಅರ್ಧ ಲೋಟವಷ್ಟೇ ಕೊಟ್ಟೆ, ಆದರೂ ಚೆಲ್ಲಿತು. ಹೊಸ್ತಿಲ ಮುಂದೆ ಕುಕ್ಕರಗಾಲಲ್ಲಿ ಕೂತು ಕಂಬದ ಬುಡ ಸವರಿದರು. ಅಲ್ಲಿ ನನ್ನ ಪೆನ್ಸಿಲ್ ಗೆರೆಯ ತುದಿ ಮರಕ್ಕೆ ಬಳಿದ ಎಣ್ಣೆಯಡಿ ಹಾಗೇ ಉಳಿದಿತ್ತು.

"ಯಾರ್ಗಾದ್ರೂ ಹೇಳಿದ್ರಾ?"

"ಇಲ್ಲ."

"ಇನ್ನು ಹೇಳ್ರವ್ವ. ಯಾರು ಕೆಲ್ಸಕ್ಕೆ ಕರೀತಾರೆ ನನ್ನ. ಬತ್ತೀನಿ" ಎಂದು ಎದ್ದರು.

ಅವರು ಹೋದ ಸುದ್ದಿ ಬಂದ ದಿನ ಅತ್ತೆಗೆ ಎಲ್ಲ ಹೇಳಿದೆ. ಈಗ ಶುಕ್ರವಾರಗಳಲ್ಲಿ ಹೊಸ್ತಿಲಿಗೆ ಅರಿಶಿನ ಹಚ್ಚುವಾಗ, ಆ ಗೆರೆ ಇರುವ ಕಡೆ ಬಂದರೆ ಅತ್ತೆ ಬೆರಳು ಎತ್ತಿಕೊಂಡು, ಅಷ್ಟು ಜಾಗ ಬಿಟ್ಟು ಮುಂದೆ ಹಚ್ಚುತ್ತಾರೆ.