ಇಡ್ಲಿ ಪಾತ್ರೆಯಲ್ಲಿ ಕಾರ್ಬ್ಯುರೇಟರ್

ಸ್ಕೂಟರಿನ ಹಿಂದಿನ ಸೀಟೊಂದನ್ನು ಬಿಟ್ಟರೆ ಅದರ ಬೇರಾವ ಭಾಗದ ಪರಿಚಯವೂ ನನಗಿರಲಿಲ್ಲ. ಮೂವತ್ತು ವರ್ಷ ಒಂದೇ ಮಗ್ಗುಲಿಗೆ ಕಾಲು ಇಳಿಬಿಟ್ಟು, ತೊಡೆಯ ಮೇಲೆ ತರಕಾರಿ ಚೀಲ ಇಟ್ಟುಕೊಂಡು ಕೂತವಳು. ನಮ್ಮೂರು ಡೊಂಬಿವಲಿಯ ಹೊಂಡಗಳನ್ನು ಬೆನ್ನುಮೂಳೆಯಿಂದಲೇ ಗುರುತಿಸಬಲ್ಲೆ. ಅಂಥವಳು ಅರವತ್ತೆರಡನೆಯ ವಯಸ್ಸಿನಲ್ಲಿ ಕಾರ್ಬ್ಯುರೇಟರಿಗೆ ಕೈಹಾಕಿದ್ದಕ್ಕೆ ನಮ್ಮ ಹೌಸಿಂಗ್ ಸೊಸೈಟಿಯ ನೋಟೀಸೇ ಕಾರಣ. ಓಡದ ಗಾಡಿಗಳನ್ನು ತಿಂಗಳೊಳಗೆ ತೆಗೆಯದಿದ್ದರೆ ಭಂಗಾರಿನವನಿಗೆ ಕೊಡಲಾಗುವುದು ಎಂದು ಅದರಲ್ಲಿತ್ತು.

ಈ ಮರಾಠಿ ಸೀಮೆಯಲ್ಲಿ ಗುಜರಿಗೆ ಭಂಗಾರ್ ಎನ್ನುತ್ತಾರೆ. ಮದುವೆಯಾಗಿ ಉಡುಪಿಯಿಂದ ಬಂದ ಹೊಸತರಲ್ಲಿ, ಬೀದಿಯಲ್ಲಿ ಕೈಗಾಡಿಯವನು ‘ಭಂಗಾರ್, ಭಂಗಾರ್’ ಎಂದು ಕೂಗುವುದನ್ನು ಕೇಳಿ, ಎಂಥ ಶ್ರೀಮಂತ ಊರಪ್ಪ, ಚಿನ್ನವನ್ನೂ ತಳ್ಳುಗಾಡಿಯಲ್ಲಿ ಮಾರುತ್ತಾರೆ ಎಂದು ಬೆರಗಾಗಿದ್ದೆ. ನಮ್ಮವರು ಅದನ್ನು ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ನೋಟೀಸು ಓದಿ ಹೇಳಿದ ದಿನ ಮಾತ್ರ ಅವರು ನಗಲಿಲ್ಲ.

ಓದಿ ಹೇಳಬೇಕು, ಯಾಕೆಂದರೆ ಅವರಿಗೆ ಈಗ ಕಣ್ಣು ಕಾಣುವುದಿಲ್ಲ. ಕಣ್ಣಿನೊಳಗಿನ ಒತ್ತಡ ಏರುತ್ತ ಹೋಗಿ, ಐದು ವರ್ಷಗಳಲ್ಲಿ ಬೆಳಕು ಯಾವುದು, ನೆರಳು ಯಾವುದು ಎಂಬಷ್ಟೇ ಉಳಿದಿದೆ. ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳ ನಡುವೆ ಹೋಟೆಲು ನಡೆಸುತ್ತಿದ್ದಾಗ ಗಲ್ಲಾಪೆಟ್ಟಿಗೆಯ ಮುಂದೆ ಕೂತೇ, ಒಳಗಿನ ರುಬ್ಬುವ ಯಂತ್ರದ ಸದ್ದಿನಿಂದ ಹಿಟ್ಟು ಹದಕ್ಕೆ ಬಂದದ್ದನ್ನು ಹೇಳುತ್ತಿದ್ದ ಮನುಷ್ಯ. ದಿನಾ ಹೋಗಿಬರುತ್ತಿದ್ದದ್ದು ಈ ಸ್ಕೂಟರಿನಲ್ಲೇ. ಕಣ್ಣು ಕೈಕೊಟ್ಟಮೇಲೆ ಅದೂ ಕೆಳಗೆ ನಿಂತುಬಿಟ್ಟಿತ್ತು. “ಕೊಟ್ಟುಬಿಡುವ, ಇಟ್ಟು ಎಂತ ಮಾಡುದು?” ಎಂದರು. ಆಮೇಲೆ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ನಾನು ಪಕ್ಕದ ಊರು ಕಲ್ಯಾಣದಿಂದ ಮಲ್ಲಣ್ಣನನ್ನು ಕರೆಸಿದೆ. ವಿಜಯಪುರದ ಕಡೆಯ ಮೆಕ್ಯಾನಿಕ್, ನಮ್ಮ ಗಾಡಿಯ ಹಳೆಯ ವೈದ್ಯ. ನೋಡಿ ತಲೆ ಕೊಡವಿದ. “ಕಾಕೂ, ಕಾರ್ಬ್ಯುರೇಟರ್ ಪೂರಾ ಜಾಮ್ ಆಗೇತ್ರಿ. ಇಂಥಾದ್ದು ಈಗ ಎಲ್ಲೂ ಸಿಗಂಗಿಲ್ಲ. ಕೂತು ತೊಳದ್ರ ಸುದ್ದ ಆದೀತು, ಆದ್ರ ಅಷ್ಟು ಪುರಸೊತ್ತು ನನಗೆಲ್ಲೈತ್ರಿ?” ಪುರಸೊತ್ತು ನಮ್ಮಲ್ಲಿ ಬೇಕಾದಷ್ಟಿತ್ತು. ಅವನು ಅದನ್ನು ಕಳಚಿ ನನ್ನ ಕೈಗಿಟ್ಟುಹೋದ.

ಊಟದ ಮೇಜಿನ ಮೇಲೆ ಪೇಪರು ಹಾಸಿ ನಾವಿಬ್ಬರೂ ಕೂತೆವು. ಬಿಚ್ಚುವ ಬೆರಳುಗಳು ಅವರವು, ನೋಡುವ ಕಣ್ಣು ನನ್ನದು. ಕಳಚಿದ ಸ್ಕ್ರೂಗಳು ಸಾಸಿವೆ, ಮೆಂತೆಗಳ ಬಟ್ಟಲು ಸೇರಿದವು. ಗಾಳಿಗೆ ಎಷ್ಟು ಪೆಟ್ರೋಲು ಬೆರೆಸಬೇಕೆಂದು ನಿರ್ಧರಿಸುವುದೇ ಇದರ ಕೆಲಸವಂತೆ. ಹೆಚ್ಚಾದರೆ ಹೊಗೆ, ಕಡಿಮೆಯಾದರೆ ಕೆಮ್ಮು. ಇದಕ್ಕೆ ಕನ್ನಡದಲ್ಲಿ ಯಾರೂ ಹೆಸರಿಟ್ಟಂತಿಲ್ಲ; ದೋಸೆ ಹಿಟ್ಟು ಕಲಸುವ ಯಾರನ್ನಾದರೂ ಕೇಳಿದ್ದರೆ ಹೊಳೆಯುತ್ತಿತ್ತೇನೋ. ಒಳಗೆಲ್ಲ ಒಣಗಿದ ಪೆಟ್ರೋಲು ಹಲಸಿನ ಮೇಣದಂತೆ ಅಂಟಿತ್ತು. ಸೀಮೆಎಣ್ಣೆಗೆ ಬಗ್ಗಲಿಲ್ಲ. ಕೊನೆಗೆ ನಾನು ನಿಂಬೆರಸದ ನೀರು ಹಾಕಿ ಇಡ್ಲಿ ಪಾತ್ರೆಯಲ್ಲೇ ಬೇಯಿಸಿದೆ. ಮಗಳು ಫೋನಿನಲ್ಲಿ ಕೇಳಿ, “ಆಯೀ, ಇನ್ನು ನಿಮ್ಮನೆಯಲ್ಲಿ ಇಡ್ಲಿ ತಿನ್ನಲ್ಲ” ಎಂದು ಮರಾಠಿಯಲ್ಲಿ ಶಪಥ ಮಾಡಿದಳು.

ಕಷ್ಟ ಕೊಟ್ಟದ್ದು ಜೆಟ್. ಪೆಟ್ರೋಲು ಹಾದುಬರುವ ಪುಟ್ಟ ಹಿತ್ತಾಳೆಯ ತುಂಡು, ನಡುವೆ ಸೂಜಿಮೊನೆಯಂಥ ತೂತು. ವೈರಿನೊಳಗಿನ ತಾಮ್ರದ ಒಂದೇ ಎಳೆಯನ್ನು ತೂರಿಸಿ, ಕಿಟಕಿಗೆ ಹಿಡಿದು ನೋಡುವುದು, ಮತ್ತೆ ನೆನೆಹಾಕುವುದು. ಮೂರು ದಿನ ಇದೇ ಆಯಿತು.

“ಬೆಳಕು ಕಾಣ್ತದಾ?” ಎಂದು ಅವರು ಪ್ರತಿ ಸಲ ಕೇಳುತ್ತಿದ್ದರು. ಅವರ ಬಾಯಿಂದ ಆ ಪ್ರಶ್ನೆ ಕೇಳುವುದೇ ನನಗೆ ಸಂಕಟ.

ಮೂರನೆಯ ದಿನ ಹೇಳಿದೆ, “ಕಾಣ್ತದೆ.”

“ಎಷ್ಟು?”

“ಚುಕ್ಕಿಯಷ್ಟೂ ಇಲ್ಲ. ಆದ್ರೆ ಉಂಟು.”

“ಸಾಕು ಮಾರಾಯ್ತಿ,” ಎಂದರು, “ಅಷ್ಟಿದ್ರೆ ನಡೀತದೆ.”

ಮಲ್ಲಣ್ಣ ಬಂದು ಜೋಡಿಸಿದ. ಹತ್ತು ಹನ್ನೆರಡು ಕಿಕ್ ಆದಮೇಲೆ ಸ್ಕೂಟರು ಕೆಮ್ಮಿ, ಕೆಳಗಿನ ಪಾರ್ಕಿಂಗಿಗೆಲ್ಲ ಹೊಗೆ ತುಂಬಿಸಿ ಸ್ಟಾರ್ಟ್ ಆಯಿತು. ಇವರು ಬಗ್ಗಿ ಕಿವಿಗೊಟ್ಟು, ಕಾರ್ಬ್ಯುರೇಟರಿನ ಸ್ಕ್ರೂವನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸಿದರು. ಸದ್ದು ಮೆಲ್ಲಗೆ ಒಂದೇ ಸಮನಾಯಿತು. ಸೊಸೈಟಿಯ ಸೆಕ್ರೆಟರಿ ಇಳಿದು ಬಂದು, ಓಡುವ ಗಾಡಿ ಇರಲಿ ಬಿಡಿ ಎಂದರು. ನಾನು ಗೆದ್ದೆ ಎಂದುಕೊಂಡೆ.

ಅಷ್ಟರಲ್ಲಿ ಇವರು, “ಮಲ್ಲಣ್ಣ, ಗಾಡಿ ನೀನೇ ತಗೊಂಡು ಹೋಗು” ಎಂದುಬಿಟ್ಟರು.

ನನಗೆ ಸಿಟ್ಟು ಬಂತು. “ಮತ್ತೆ ನಾನು ಇಷ್ಟು ದಿನ ಎಂತಕ್ಕೆ ತೊಳೆದದ್ದು?”

“ನಿಂತ ಗಾಡಿ ಕೊಟ್ರೆ ಬಿಸಾಡಿದ ಹಾಗೆ,” ಎಂದರು. “ಓಡುದನ್ನು ಕೊಟ್ರೆ ಕೊಟ್ಟ ಹಾಗೆ.”

ಮಲ್ಲಣ್ಣ ಹ್ಯಾಂಡಲ್ ಮುಟ್ಟಿ ಕಣ್ಣಿಗೊತ್ತಿಕೊಂಡು ಹೊರಟ. ಗೇಟು ದಾಟಿ, ತಿರುವಿನಲ್ಲಿ ಸದ್ದು ಕರಗುವ ತನಕ ಇವರು ನಿಂತೇ ಇದ್ದರು. “ಗೇರು ಬೇಗ ಹಾಕಿದ,” ಎಂದರು. ಮೆಟ್ಟಿಲು ಹತ್ತುವಾಗ ನನ್ನ ಕೈ ಹಿಡಿದುಕೊಂಡರು.

ಆ ಮಧ್ಯಾಹ್ನ ಊಟಕ್ಕೆ ಕೂತಾಗ ಅವರ ಬೆರಳುಗಳಿಂದ ಪೆಟ್ರೋಲಿನ ವಾಸನೆ ಬರುತ್ತಿತ್ತು. ಕೈ ತೊಳೆದು ಬನ್ನಿ ಎನ್ನಲು ಬಾಯಿ ತೆರೆದವಳು, ಅನ್ನ ಬಡಿಸಿದೆ.